ಬಿಚ್ಚಿ ಜೋಡಿಸಿದ ಮನೆ

ಸಂಪಾದಕರೇ,

ಇಂಗ್ಲೆಂಡ್ ಪ್ರವಾಸದ ಬರಹ ಅಂದ್ರೆ ಅರಮನೆ, ಕೋಟೆ ಅಷ್ಟೇನಾ? ಸಸೆಕ್ಸ್‌ನ ಸಿಂಗಲ್ಟನ್ ಹಳ್ಳಿಯ ಬಯಲು ಮ್ಯೂಸಿಯಮ್ಮಿನಲ್ಲಿರುವ ‘ಬೇಲೀಫ್’ ಎಂಬ ಹೆಸರಿನ ಹಳೇ ರೈತಮನೆಯ ಬಗ್ಗೆಯೂ ಒಮ್ಮೆ ಬರೆಸಿ. 15ನೇ ಶತಮಾನದ್ದು. ಓಕ್ ಮರದ ಕಂಬ, ತೊಲೆಗಳನ್ನು ಮರದ ಗೂಟ ಬಡಿದೇ ಜೋಡಿಸಿದ್ದಾರೆ, ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ. ಚಿಮಣಿ ಇಲ್ಲ. ನಡುಮನೆಯ ನೆಲದ ಮೇಲೇ ಬೆಂಕಿ ಹಾಕುತ್ತಿದ್ದರು, ಹೊಗೆ ಛಾವಣಿವರೆಗೂ ಏರಿ ಸಂದಿಗಳಿಂದ ಹೊರಗೆ ಹೋಗಬೇಕು, ಅದಕ್ಕೇ ಆ ಭಾಗಕ್ಕೆ ಅಟ್ಟವನ್ನೇ ಹಾಕಿಲ್ಲ. ಕಿಟಕಿಗೆ ಗಾಜೂ ಇಲ್ಲ, ಆ ಚಳಿಯಲ್ಲಿ! ಕೆಂಟ್‌ನಲ್ಲಿ ಜಲಾಶಯಕ್ಕಾಗಿ ಜಾಗ ಬಿಡಬೇಕಾಗಿ ಬಂದ ಮನೆ ಇದು, 1968-69ರಲ್ಲಿ ಬಿಚ್ಚಿ, ಇಲ್ಲಿಗೆ ತಂದು ಮತ್ತೆ ನಿಲ್ಲಿಸಿದರು. ಗೂಟದ ಜೋಡಣೆ ಇದ್ದಿದ್ದಕ್ಕೆ ತಾನೇ ಅದು ಆಗಿದ್ದು? ಸಿಮೆಂಟಿನ ಮನೆಯನ್ನು ಹಾಗೆ ಬಿಚ್ಚೋಕಾಗುತ್ತಾ?

– ಒಬ್ಬ ಓದುಗ, ಮೈಸೂರು