ವಿದೇಶದ ಹುದ್ದೆಗೆ ಅವಳನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಶಿರಸಿ ಕಡೆಯ ಎಷ್ಟೋ ಹೆಣ್ಣುಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಆದರೆ ವಿದೇಶದ ಕಚೇರಿ ನಡೆಸಲು ಹೋಗುವವರು ಜಾಸ್ತಿ ಗಂಡಸರೇ. ನನ್ನ ತಂಗಿಯ ಮಗಳು ಸೀನಿಯರ್ ಮ್ಯಾನೇಜರ್. ಸಿಂಗಪುರದ ಹುದ್ದೆ ಅವಳ ಕೈಕೆಳಗಿದ್ದವನಿಗೆ ಹೋಯಿತು. ‘ನಿಮಗೆ ಚಿಕ್ಕ ಮಗು ಇದೆಯಲ್ಲ, ಸುಮ್ನೆ ತೊಂದರೆ ಯಾಕೆ ಅಂತ ಕೇಳಲಿಲ್ಲ’ ಎಂದರಂತೆ ಮೇಲಿನವರು. ಹೋದವನ ಮಗುವೂ ಅಷ್ಟೇ ಚಿಕ್ಕದು. ಅವನ ಹೆಂಡತಿ ಕೆಲಸ ಬಿಟ್ಟು ಜೊತೆಗೆ ಹೋದಳು. ಅದು ಯಾರಿಗೂ ತೊಂದರೆ ಅನ್ನಿಸಲಿಲ್ಲ.

1980ರ ದಶಕದಲ್ಲೇ ನ್ಯಾನ್ಸಿ ಆಡ್ಲರ್ ಎಂಬ ಸಂಶೋಧಕಿ ಈ ವಿಷಯ ಕೆದಕಿ ನೋಡಿದ್ದರು. ಉತ್ತರ ಅಮೆರಿಕದ ಕಂಪನಿಗಳು ಹೊರದೇಶಕ್ಕೆ ಕಳಿಸಿದ ಮ್ಯಾನೇಜರ್‌ಗಳಲ್ಲಿ ಹೆಂಗಸರು ಸುಮಾರು ಶೇ 3 ಮಾತ್ರ. ಹೆಂಗಸರಿಗೇ ಮನಸ್ಸಿಲ್ಲ, ಅಲ್ಲಿಯವರು ಒಪ್ಪುವುದಿಲ್ಲ ಎಂಬ ಮಾತುಗಳು ನಿಜವಲ್ಲ ಎಂದು ಅವರು ತೋರಿಸಿದರು. ಕಳಿಸುವ ಕಂಪನಿಗಳೇ ಹಿಂಜರಿಯುತ್ತಿದ್ದವು.

ಮೇಲಿನ ಹುದ್ದೆಗೆ ವಿದೇಶದ ಅನುಭವ ಕೇಳುತ್ತಾರೆ, ಅಲ್ವಾ? ಹಾಗಿದ್ದರೆ ಹುದ್ದೆ ಖಾಲಿಯಾದಾಗ ಅರ್ಹರೆಲ್ಲರಿಗೂ ತಿಳಿಸಿ. ಹೋಗುವುದೋ ಬಿಡುವುದೋ ಅವರೇ ಹೇಳಲಿ. ಸಂಗಾತಿಯ ಕೆಲಸಕ್ಕೆ, ಮಗುವಿನ ಶಾಲೆಗೆ ಕೊಡುವ ನೆರವು ಗಂಡಸರಿಗೂ ಹೆಂಗಸರಿಗೂ ಒಂದೇ ಇರಲಿ.

– ಓದುಗರೊಬ್ಬರು, ಶಿರಸಿ