ಮಳೆಗಾಲಕ್ಕೆ ಬೈಕ್ ನಿಲ್ಲಿಸುವ ಮುನ್ನ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದುಕೊಂಡಿದೆ; ಹಲವರ ಬೈಕುಗಳು ಇನ್ನು ಎರಡು ತಿಂಗಳು ಕೊಟ್ಟಿಗೆ ಬಿಟ್ಟು ಕದಲುವುದಿಲ್ಲ. ದಯವಿಟ್ಟು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಬಿಚ್ಚಿಡಿ. ಮೊದಲು ನೆಗೆಟಿವ್ ತಂತಿ, ಆಮೇಲೆ ಪಾಸಿಟಿವ್. ಜೋಡಿಸುವಾಗ ಮೊದಲು ಪಾಸಿಟಿವ್.

ಕಳೆದ ವರ್ಷ ನಾನು ಹಾಗೆಯೇ ಬಿಟ್ಟಿದ್ದೆ. ದಸರೆಗೆ ಸೀಟು ಎತ್ತಿದರೆ ಟರ್ಮಿನಲ್ ಮೇಲೆ ಬಿಳಿ ಪುಡಿ ಬೂಷ್ಟಿನಂತೆ ಹರಡಿತ್ತು, ಮೀಟರಿನಲ್ಲಿ 10 ವೋಲ್ಟ್ ಕೂಡ ಇರಲಿಲ್ಲ. ಚಾರ್ಜ್ ಇಳಿದ ಲೆಡ್-ಆಸಿಡ್ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತರೆ ಮತ್ತೆ ಜೀವ ಬರುವುದು ಕಷ್ಟ.

ತಿಂಗಳಿಗೊಮ್ಮೆ ಅಳೆಯಿರಿ. 12.4 ವೋಲ್ಟಿಗೆ ಇಳಿದಿದ್ದರೆ ಬೈಕ್ ಬ್ಯಾಟರಿಯ ಚಾರ್ಜರನ್ನೇ ಹಾಕಿ. ಐದು ನಿಮಿಷ ಎಂಜಿನ್ ಓಡಿಸಿ ಆರಿಸಿದರೆ ಸಾಲದು. ಟರ್ಮಿನಲ್‌ಗಳಿಗೆ ವ್ಯಾಸಲೀನ್ ಸವರಿ ಒಣಗಿದ ಜಾಗದಲ್ಲಿಡಿ. ಬಚ್ಚಲೊಲೆಯ ಪಕ್ಕ ಮಾತ್ರ ಬೇಡ. ಮೀಟರ್ ಇಲ್ಲದವರು ನನ್ನದನ್ನು ಒಯ್ಯಬಹುದು.