ಭಾನುವಾರದ ಪಂದ್ಯಕ್ಕೆ ಮುಂಚೆ: ಡಾಂಟೆ ಸ್ಕಾರ್ನೆಕಿಯಾ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡುವಾಗ ಯಾರೋ ಕೇಳಿದ್ದರು: ಮುಖ್ಯ ಕೋಚ್ ಇರುವಾಗ ಇಷ್ಟೊಂದು ಸಹಾಯಕ ಕೋಚ್‌ಗಳು ಯಾಕೆ? ಅದಕ್ಕೆ ನನ್ನ ಉತ್ತರ ಡಾಂಟೆ ಸ್ಕಾರ್ನೆಕಿಯಾ.

1982ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಸೇರಿದವರು. ಮಧ್ಯೆ ಎರಡು ಸೀಸನ್ ಕೋಲ್ಟ್ಸ್ ಎಂಬ ಇನ್ನೊಂದು ತಂಡದಲ್ಲಿದ್ದದ್ದು ಬಿಟ್ಟರೆ 2013ರವರೆಗೂ ಅಲ್ಲೇ. ಅವರ ಹೆಸರು ಉಳಿದಿರುವುದು ಅಫೆನ್ಸಿವ್ ಲೈನ್ ಕೋಚ್ ಆಗಿ, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಗೋಡೆಯಾಗಿ ನಿಲ್ಲುವ ಐವರ ಗುರುವಾಗಿ. ಕಾಲು ಎಲ್ಲಿಡಬೇಕು, ಕೈ ಯಾವಾಗ ಚಾಚಬೇಕು ಎನ್ನುವುದನ್ನೇ ದಿನಾ ತಿದ್ದುವ ಕೆಲಸ.

ಸ್ಟೀಫನ್ ನೀಲ್ ಕಥೆ ನನಗೆ ತುಂಬಾ ಇಷ್ಟ. 1999ರ ವಿಶ್ವ ಚಾಂಪಿಯನ್ ಕುಸ್ತಿಪಟು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೇ ಅಲ್ಲ. ಸ್ಕಾರ್ನೆಕಿಯಾ ಕೈಯಲ್ಲಿ ಪಳಗಿ ಸೂಪರ್ ಬೌಲ್ (ಪ್ರತಿ ಸೀಸನ್‌ನ ಫೈನಲ್) ಗೆದ್ದ ತಂಡದ ಗಾರ್ಡ್, ಅಂದರೆ ಆ ಐವರಲ್ಲಿ ಒಬ್ಬ, ಆದ!

2013ರ ಸೀಸನ್ ಮುಗಿದ ಮೇಲೆ ನಿವೃತ್ತರಾದರು. 2016ರ ಜನವರಿಯಲ್ಲಿ ಡೆನ್ವರ್‌ನಲ್ಲಿ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮತ್ತೆ ಮತ್ತೆ ನೆಲಕ್ಕೆ ಬಿದ್ದು ತಂಡ ಸೋತಿತು. ಸ್ಕಾರ್ನೆಕಿಯಾ ವಾಪಸ್ ಬಂದರು. 2017ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ 28–3 ಹಿಂದಿದ್ದ ತಂಡ 34–28ರಿಂದ ಗೆದ್ದಿತು. 2020ರಲ್ಲಿ ಮತ್ತೆ ನಿವೃತ್ತಿ. ಅಷ್ಟರಲ್ಲಿ ಐದು ಸೂಪರ್ ಬೌಲ್ ಗೆಲುವು. 1992ರಲ್ಲಿ ಮುಖ್ಯ ಕೋಚ್ ಕಾಯಿಲೆ ಬಿದ್ದಾಗ ಹಂಗಾಮಿಯಾಗಿ ತಂಡ ನಡೆಸಿದ್ದು ಬಿಟ್ಟರೆ ಇಡೀ ವೃತ್ತಿ ಸಹಾಯಕರಾಗಿಯೇ. 2023ರಲ್ಲಿ ಪೇಟ್ರಿಯಟ್ಸ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು.

ಈ ಭಾನುವಾರ ಒಂದಷ್ಟು ಹೊತ್ತು ಚೆಂಡನ್ನು ಬಿಟ್ಟು ಆ ಐವರ ಕಾಲುಗಳನ್ನು ನೋಡಿ. ಕಂಡದ್ದನ್ನು ಇಲ್ಲೇ ಬರೆಯಿರಿ.